ರಂಗೋಲಿ ದಾಟಿದ ಗಾಲಿ

ನಂಜನಗೂಡು ಬಸ್ ನಿಲ್ದಾಣದಲ್ಲಿ ನಾನು ನರಸೀಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯವರ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದಿತ್ತು.

"ಸೊಂಟನೋವು ಎಂಗದೆ ಸಿದ್ದಕ್ಕ?" ಎಂದರು ಕಿರಿಯಾಕೆ.

"ವಾಸಿ ಕಣವ್ವ. ಚೈತ್ರನ್ನ ಎತ್ಕಂಡು ಮೂರು ಮೆಟ್ಲು ಇಳ್ಸೋದು ತಪ್ತಲ್ಲ. ನಮ್ಮೂರ ಯುವಕ ಸಂಘದ ಐಕ್ಳು ಎರಡು ಭಾನುವಾರ ನಿಂತು ರ‍್ಯಾಂಪು ಕಟ್ಕೊಟ್ರು. ಈಗ ವೀಲ್‌ಚೇರಲ್ಲಿ ಅವಳೇ ಇಳೀತಾಳೆ."

"ಏನಂತಾಳೆ ಮಗಳು?"

"ಅನ್ನಾಕೆ ಮನೇಲಿದ್ರೆ ತಾನೆ! ಇಪ್ಪತ್ತು ವರ್ಸ ಅವ್ವಾ ಅವ್ವಾ ಅಂತ ಕೂಗ್ತಿದ್ಲು. ಈಗ ನಾ ಕೂಗುದ್ರೂ ಓ ಅನ್ನಲ್ಲ."

"ಎಲ್ಲಿಗೋದ್ಲು ಅಂತ ಗೊತ್ತಾಗೋದೆಂಗೆ?"

"ರ‍್ಯಾಂಪಿನ ಬುಡದಲ್ಲೇ ರಂಗೋಲಿ ಬುಡ್ತಿದ್ದೆ. ಗಾಲಿ ಅದ್ರ ಮ್ಯಾಲೇ ಓಗ್ಬೇಕು. ಬೀದೀಲಿ ಬೆಳ್ಳಗೆ ಎರಡು ಗೆರೆ ಬೀಳ್ತಿತ್ತು. ಮೊದ್ಲು ಪಕ್ಕದ್ಮನೆಗಂಟ, ಆಮ್ಯಾಕೆ ಅಂಗಡಿಗಂಟ."

"ಅಯ್ಯೋ, ಮಗಳ ಮ್ಯಾಲೆ ಪೋಲೀಸ್ ಕೆಲ್ಸ ಮಾಡ್ತಿದ್ದಾ!"

"ಬಿದ್ಗಿದ್ದಾಳು ಅಂತ ಭಯ ಕಣವ್ವ. ನೆನ್ನೆ ಬೀದಿ ತಿರುವಿಂದಾಚೆಗೆ ಗೆರೇನೇ ಇಲ್ಲ. ಎದೆ ಬಡ್ಕಂಡು ಓಡ್ದೆ."

"ಸಿಕ್ಕುದ್ಲಾ?"

"ಲೈಬ್ರರಿ ಮುಂದೆ ನಾಕು ಉಡುಗೀರ ಮಧ್ಯೆ ಕೂತ್ಕಂಡು ನಗ್ತಿದ್ಲು. ಅಂಗ್ ನಗೋದ್ನ ನಾನೇ ನೋಡಿರ್ನಿಲ್ಲ. ಕಾಣುಸ್ಕಳದೆ ಅಂಗೇ ವಾಪಸ್ ಬಂದ್ಬುಟ್ಟೆ."

ಅಷ್ಟರಲ್ಲಿ ಬಿಳಿಗೆರೆ ಬಸ್ಸು ಬಂತು.

"ಇವತ್ತು ಗಾಲಿ ತಾಗ್ದಂಗೆ ರಂಗೋಲಿನ ಪಕ್ಕಕ್ಕೆ ಬುಟ್ಟಿವ್ನಿ," ಎನ್ನುತ್ತಾ ಸಿದ್ದಕ್ಕ ಎದ್ದರು.

"ಅಂಗಾರೆ ಈಗ ಅವಳೆಲ್ಲವಳೆ?"

"ನಂಗೇನ್ ಗೊತ್ತು!"

ಅಷ್ಟು ಹೇಳಿ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಕ್ಕರು. ಹಿಂದಿದ್ದವರು "ಒಳಕ್ ನಡಿಯಮ್ಮೋ" ಎಂದು ಕೂಗಿದರೂ ನಗು ನಿಲ್ಲಲಿಲ್ಲ.