ಮಹಾರಾಯನ ಸಾವಿನ ಬಗ್ಗೆ ಇಸ್ತ್ರಿ ಅಕ್ಕ ಬರೆಸಿದ್ದು

ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುವ ನಾನು, ವಯಸ್ಸು 57 ವರ್ಷ, ಕಸುಬು ಬಟ್ಟೆಗೆ ಇಸ್ತ್ರಿ ಹಾಕುವುದು, ವಾಸ ಹಿಂದಿನ ಅಡ್ಡರಸ್ತೆಯ ಮೂಲೆಮನೆ, ಅದರ ಮುಂದಿನ ಕೋಣೆಯೇ ಅಂಗಡಿ, ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವುದೇನೆಂದರೆ: ಎದುರುಮನೆಯ ಬಸ್ ಡ್ರೈವರ್ ಅವರ ನಾಯಿಯನ್ನು ಹಿಡಿದುಕೊಂಡು ಹೋಗಬೇಕು ಎಂದು ನಿನ್ನೆ ದೂರು ಕೊಟ್ಟವನು ನನ್ನ ತಮ್ಮ. ಸತ್ತ ಬೆಕ್ಕು ನನ್ನದು, ಅವನದಲ್ಲ. ಆದ್ದರಿಂದ ನನ್ನ ಮಾತನ್ನೂ ಬರೆದುಕೊಳ್ಳಬೇಕು.

ಬೆಕ್ಕಿನ ಹೆಸರು ಮಹಾರಾಯ. ಗಂಡು, ಬೂದು ಬಣ್ಣ, ಆರು ವರ್ಷ. ಕೆಲಸ ಅಂತ ಏನೂ ಇರಲಿಲ್ಲ. ಇಲಿ ಎದುರಿಗೆ ಬಂದರೆ ತಾನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. ಆಗಷ್ಟೇ ಇಸ್ತ್ರಿಯಾದ ಬಿಸಿ ಬಟ್ಟೆ ಕಂಡರೆ ಮಾತ್ರ ಎಲ್ಲಿದ್ದರೂ ಬಂದು ಅದರ ಮೇಲೆ ಮಲಗಬೇಕು. ಕೂದಲು ಅಂಟುತ್ತೆ ಎಂದು ಗಿರಾಕಿಗಳು ಗೊಣಗಿದರೆ ನಾನು ಬಟ್ಟೆಯ ಮೇಲೆ ಹಳೇ ಟವಲ್ ಹಾಸುತ್ತಿದ್ದೆನೇ ಹೊರತು ಅವನನ್ನು ಇಳಿಸುತ್ತಿರಲಿಲ್ಲ.

ಮೊನ್ನೆ ಮಂಗಳವಾರ ಮಧ್ಯಾಹ್ನ 2.30ಕ್ಕೆ ಡ್ರೈವರ್ ಅವರ ಯೂನಿಫಾರಂ ಇಸ್ತ್ರಿ ಮಾಡಿ ಬೆಂಚಿನ ಮೇಲೆ ಇಟ್ಟೆ. ಮಹಾರಾಯ ಹತ್ತಿ ಮಲಗಿದ. ನಾನು ಹಾಸ್ಟೆಲಿಗೆ ಬೆಡ್‌ಶೀಟ್ ಕೊಡಲು ಹೋದೆ. ಬಾಗಿಲು ತೆರೆದೇ ಇತ್ತು. ನಾನಿಲ್ಲದಾಗ ಗಿರಾಕಿಗಳು ಬಂದು ಅವರವರ ಬಟ್ಟೆ ಅವರವರೇ ಒಯ್ಯುತ್ತಾರೆ.

3.10ಕ್ಕೆ ವಾಪಸ್ ಬಂದಾಗ ಡ್ರೈವರ್ ಅವರು ನನ್ನ ಅಂಗಡಿಯಿಂದ ಓಡಿಬರುತ್ತಿದ್ದರು. ಕೈಯಲ್ಲಿ ಅವರದೇ ಯೂನಿಫಾರಂ ಷರ್ಟು, ಅದರಲ್ಲಿ ಸುತ್ತಿದ ಮಹಾರಾಯ. ಕುತ್ತಿಗೆಯಲ್ಲಿ ರಕ್ತ. ಉಸಿರಿತ್ತು. ಅವರು ನನ್ನನ್ನು ನೋಡಿ, ಅಕ್ಕಾ, ನನ್ನ ನಾಯಿ ಮಾಡಿದ್ದು, ಗೇಟಿನ ಚಿಲಕ ನಾನೇ ಹಾಕಿರಲಿಲ್ಲ, ತನ್ನ ಯಜಮಾನನ ಬಟ್ಟೆ ಮೇಲೆ ಬೆಕ್ಕು ಕೂತಿದ್ದು ಕಂಡು ಎಗರಿಬಿಟ್ಟಿತು, ಬಿಡಿಸುವಷ್ಟರಲ್ಲಿ ತಡವಾಯಿತು ಎಂದು ಹೇಳಿದರು. ಆ ಹೊತ್ತಿನಲ್ಲಿ ಬೀದಿಯಲ್ಲಿ ಬೇರೆ ನರಪಿಳ್ಳೆಯೂ ಇರಲಿಲ್ಲ.

ಅವರ ಸ್ಕೂಟರಿನಲ್ಲೇ ಎರಡು ಕಿಲೋಮೀಟರ್ ದೂರದ ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ನಿನ್ನ ಮನೆ ಹಾಳಾಗ ಎಂದೂ ಅಂದೆ. ಇದನ್ನೂ ಬರೆಯಬೇಕಾ ಎಂದು ಕಾನ್‌ಸ್ಟೇಬಲ್ ಈಗ ಕೇಳಿದರು. ಬರೆಯಿರಿ, ಅಂದಿದ್ದು ಅಂದಿದ್ದೇ. ಅವರು, ಮುಂದೆ ಹಳ್ಳ ಇದೆ ಅಕ್ಕಾ, ಗಟ್ಟಿಯಾಗಿ ಹಿಡ್ಕೊಳ್ಳಿ ಎಂದಷ್ಟೇ ಹೇಳಿದರು. ಆಸ್ಪತ್ರೆಯಲ್ಲಿ ಯಾರ ನಾಯಿ ಕಚ್ಚಿದ್ದು ಎಂದು ಡಾಕ್ಟರಮ್ಮ ಕೇಳಿದಾಗ ನಾನು ಬಾಯಿ ತೆಗೆಯುವ ಮುಂಚೆಯೇ ನನ್ನದು, ತಪ್ಪೂ ನನ್ನದೇ ಎಂದರು. 4.45ಕ್ಕೆ ಮಹಾರಾಯ ಸತ್ತ. ನನ್ನ ಕೈ ಅವನ ಹೊಟ್ಟೆಯ ಮೇಲಿತ್ತು.

ಡ್ರೈವರ್ ಅವರು ಅಂದು ಡ್ಯೂಟಿಗೆ ಹೋಗದೆ ನಮ್ಮ ಹಿತ್ತಲಲ್ಲಿ ಗುಂಡಿ ತೋಡಿದರು. ಮಾರನೇ ದಿನ ಗೇಟಿಗೆ ತಾನಾಗಿ ಬೀಳುವ ಚಿಲಕ ಹಾಕಿಸಿ, ನೀವೇ ಎಳೆದು ನೋಡಿ ಎಂದು ನನ್ನನ್ನು ಕರೆದರು. ಸಿಟ್ಟಿತ್ತು, ಜೋರಾಗಿಯೇ ಎಳೆದೆ. ಬರಲಿಲ್ಲ. ನಾಯಿಯ ಬಾಯಿಗೆ ಹಾಕುವ ಜಾಲರಿಯನ್ನೂ ತಂದಿದ್ದರು. ಹೊರಗೆ ಕರೆದುಕೊಂಡು ಹೋಗುವಾಗಲೆಲ್ಲ ಅದನ್ನು ಹಾಕಬೇಕು, ಸರಪಳಿ ಬಿಡಬಾರದು. ಇದು ನನ್ನ ಷರತ್ತು, ಅವರು ಒಪ್ಪಿದ್ದಾರೆ. ತಪ್ಪಿದರೆ ನಾನೇ ಬಂದು ದೂರು ಕೊಡುತ್ತೇನೆ. ನಾಯಿಯನ್ನು ಮಾತ್ರ ಒಯ್ಯಬೇಡಿ. ಆ ಮನೆಯಲ್ಲಿ ಇರುವುದು ಅವರು ಮತ್ತು ಅದು, ಅಷ್ಟೇ.

ನನ್ನ ತಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ನಾನು ಅತ್ತಿದ್ದನ್ನು ನೋಡಲಾರದೆ ಠಾಣೆಗೆ ಓಡಿಬಂದ, ಪಾಪ. ಡ್ರೈವರ್ ಅವರು ನನಗೆ ಉಪಕಾರವನ್ನೇ ಮಾಡಿದ್ದಾರೆ ಎಂದು ನಾನಂದರೆ, ನಿನ್ನ ಬೆಕ್ಕನ್ನು ಕೊಂದವರದ್ದು ಅದ್ಯಾವ ದೊಡ್ಡ ಉಪಕಾರ ಎಂದು ನನ್ನನ್ನು ಕೇಳುತ್ತಾನೆ. ಅದಕ್ಕೆ ಉತ್ತರ ಇಲ್ಲೇ ಬರೆಸುತ್ತೇನೆ.

ಮಹಾರಾಯನಿಗಿಂತ ಮುಂಚೆ ನನಗೊಂದು ಹೆಣ್ಣು ಬೆಕ್ಕಿತ್ತು. ಒಂದು ಸಂಜೆ ಮನೆಗೆ ಬರಲಿಲ್ಲ. ಏನಾಯಿತು ಎಂದು ಕಂಡವರು ಯಾರಾದರೂ ಇದ್ದೇ ಇರುತ್ತಾರೆ, ಒಬ್ಬರೂ ಬಾಯಿ ಬಿಡಲಿಲ್ಲ. ಒಂದು ವರ್ಷ ಬಾಗಿಲು ಓರೆ ಮಾಡಿಕೊಂಡು ಮಲಗಿದೆ. ಎಲ್ಲಿ ಮಿಯಾಂವ್ ಅಂದರೂ ಎದ್ದು ಹೋಗಿ ನೋಡುತ್ತಿದ್ದೆ. ಡ್ರೈವರ್ ಅವರೂ ಮಹಾರಾಯನನ್ನು ಮೋರಿಗೆ ಎಸೆದು ಕೈ ತೊಳೆದುಕೊಂಡಿದ್ದರೆ ಕೇಳುವವರು ಯಾರಿದ್ದರು? ಅವರು ಎತ್ತಿಕೊಂಡು ಬಂದು, ನಾನೇ ಕಾರಣ ಎಂದು ಹೇಳಿದರು. ಮಂಗಳವಾರ ರಾತ್ರಿಯೆಲ್ಲ ಅತ್ತೆ. ಆದರೆ ಬಾಗಿಲು ಹಾಕಿಕೊಂಡು ಅತ್ತೆ. ಅದೇ ಅವರ ಉಪಕಾರ.

ಬರೆದಿದ್ದನ್ನು ಕಾನ್‌ಸ್ಟೇಬಲ್ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಬೈಗುಳವೂ ಸೇರಿ. ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಠಾಣೆಯ ಮುಂಗೋಣೆ
ದಿನಾಂಕ: ಇದೇ ತಿಂಗಳ 16, ಗುರುವಾರ, ಬೆಳಿಗ್ಗೆ 11.20

(ಸಹಿ)
ಇಸ್ತ್ರಿ ಅಂಗಡಿಯವಳು, ಮಹಾರಾಯನನ್ನು ಸಾಕಿದವಳು