ಸುಧಾಕರರ ಗಿಡದ ಏಳು ಮೆಣಸು

ಹೆಸರು ಕೆ. ಮಹಾಲಿಂಗೇಶ್ವರ, ಪ್ರಾಯ 56 ವರ್ಷ, ವೃತ್ತಿ ಅಡುಗೆ, ಬಿಡುವಿನಲ್ಲಿ ನಾಟಕದ ರಾಜಪಾತ್ರ, ವಾಸ ವೇಣೂರು ಗ್ರಾಮ, ಬೆಳ್ತಂಗಡಿ ತಾಲೂಕು. ಆಸ್ಪತ್ರೆಗೆ ಬಂದು ಹೇಳಿಕೆ ಬರೆದುಕೊಳ್ಳುತ್ತಿರುವ ಪೊಲೀಸರಿಗೆ ಈ ಮೂಲಕ ತಿಳಿಸುವುದೇನೆಂದರೆ,

ಇಪ್ಪತ್ತಾರು ವರ್ಷಗಳಿಂದ ನಮ್ಮೂರಿನಲ್ಲಿ ಮದುವೆಯ ಹಿಂದಿನ ರಾತ್ರಿಯ ಮೆಹಂದಿ ಊಟಗಳ ಕೋಳಿ ಸುಕ್ಕ ನನ್ನ ಕೈಯದೇ. ನನ್ನ ಮನೆಯಿಂದ 40 ಅಡಿ ದೂರದಲ್ಲಿರುವ ಸುಧಾಕರರು ಹಿಂದೆ ನನ್ನ ಬಳಿ ತೆಂಗಿನಕಾಯಿ ತುರಿಯುತ್ತಿದ್ದವರು. ಕಳೆದ ವರ್ಷ ಅವರಿಗೆ ಅಸ್ಸಾಮಿನ ಕಾರ್ಮಿಕರೊಬ್ಬರು ಭೂತ್ ಜೊಲೊಕಿಯಾ ಎಂಬ ಮೆಣಸಿನ ಬೀಜ ಕೊಟ್ಟರು. ಆ ಕಡೆ ಅದನ್ನು ಸಾಸಿವೆ ಎಣ್ಣೆಯಲ್ಲಿ ಉಪ್ಪಿನಕಾಯಿ ಹಾಕುತ್ತಾರಂತೆ. ಗುಂಟೂರು ಮೆಣಸಿನ ಇಪ್ಪತ್ತು ಪಟ್ಟು ಖಾರ. ಈಗ ತಾವೇ ಸುಕ್ಕ ಮಾಡುವ ಸುಧಾಕರರು ಹತ್ತು ಕಿಲೋ ಕೋಳಿಗೆ ಒಂದೇ ಹಣ್ಣನ್ನು ತೊಟ್ಟು ಹಿಡಿದು ಬಿಸಿ ತೆಂಗಿನೆಣ್ಣೆಯಲ್ಲಿ ಎರಡು ಸುತ್ತು ತಿರುಗಿಸಿ ತೆಗೆದುಬಿಡುತ್ತಾರೆ. ಪರಿಮಳ ಮೊದಲು ಬರುತ್ತದೆ, ಖಾರ ಮೂರನೆಯ ತುತ್ತಿಗೆ. ನಾನು ತಿಂದಿದ್ದೇನೆ. ಕೇಳಿದವರಿಗೆ ವಿಶೇಷವೇನಿಲ್ಲ ಎಂದಿದ್ದೇನೆ.

ತಾರೀಕು 06-02-2024ರಂದು ಸಂಜೆ 5.15ಕ್ಕೆ ನನ್ನ ಭಾವ ಶಶಿಕಿರಣರು ಬಂದು, ನನ್ನ ಮಗಳು ದೀಕ್ಷಾಳ ಮೆಹಂದಿಗೆ ಸುಕ್ಕ ಸುಧಾಕರ ಮಾಡಲಿ, ನೀವು ಸಾರು ಪಾಯಸ ನೋಡಿಕೊಳ್ಳಿ ಭಾವ, ಬೇಜಾರು ಮಾಡಬೇಡಿ ಎಂದರು. ನನಗೆ ಬೇಜಾರಿಲ್ಲವೆಂದು ಬಸ್ ಸ್ಟ್ಯಾಂಡಿಗೆ ಕೇಳುವಷ್ಟು ಸ್ವರದಲ್ಲಿ ಹೇಳಿದೆನು.

ಸುಧಾಕರರ ಕೆಟ್ಟ ದೃಷ್ಟಿ ನನಗೆ ತಾಗಿದೆ ಎಂದು ನಂಬಿ, 08-02-2024ರಂದು ಬೆಳಿಗ್ಗೆ 9.40ಕ್ಕೆ, ಅವರು ಪೇಟೆಗೆ ಹೋಗಿದ್ದಾಗ ಅವರ ಗಿಡದಿಂದ ಏಳು ಹಣ್ಣು ಕೊಯ್ದೆನು. ದೃಷ್ಟಿ ತೆಗೆಯಲು ಅವರದೇ ಮೆಣಸು ಆಗಬೇಕೆಂಬುದು ನನ್ನ ಹಠ. ಪತ್ನಿ ಪರಮೇಶ್ವರಿಯು, ಅಂಗಡಿಯ ಮೆಣಸು ಉಂಟಲ್ಲ ಮಾರಾಯ್ರೆ, ಇದು ಬೇಡ ಎಂದಳು. ಯಾರೂ ನೋಡಬಾರದೆಂದು ನಾನು ಆರಡಿ ಅಗಲದ ಬಚ್ಚಲಿನ ಬಾಗಿಲು ಹಾಕಿದೆನು. 10.10ಕ್ಕೆ ಅವಳು ಏಳನ್ನೂ ನನಗೆ ಮೂರು ಸಲ ನಿವಾಳಿಸಿ ಅಲ್ಲಿನ ಬಿಸಿನೀರಿನ ಒಲೆಗೆ ಹಾಕಿದಳು.

ಹತ್ತು ಸೆಕೆಂಡಿನಲ್ಲಿ ಇಬ್ಬರಿಗೂ ಉಸಿರು ಕಟ್ಟಿತು. ಚಿಲಕ ಕೈಗೆ ಸಿಗಲಿಲ್ಲ. ಕೂಗೋಣವೆಂದರೆ ನನ್ನ ಸ್ವರವೇ ಹೊರಡಲಿಲ್ಲ. ಘಾಟು ತಾಗಿ ಓಡಿ ಬಂದು ಬಾಗಿಲು ಒದ್ದು ತೆರೆದವರು ಪೇಟೆಯಿಂದ ಆಗಷ್ಟೇ ಬಂದಿದ್ದ ಸುಧಾಕರರು. ಪರಮೇಶ್ವರಿಯನ್ನು ಅಂಗಳಕ್ಕೆ ಎತ್ತಿ ತಂದು ಕಣ್ಣಿಗೆ ನೀರು ಹಾಕಿದರು. ಆಮೇಲೆ ತಮ್ಮ ಗಿಡ ನೋಡಿ ಬಂದು, ಏಳು ಹಾಕಿದ್ರಾ ಅಣ್ಣ, ಎಪ್ಪತ್ತು ಕಿಲೋ ಕೋಳಿಗೆ ಆಗುತ್ತಿತ್ತು ಎಂದರು.

ಮಧ್ಯಾಹ್ನ 1.00 ಗಂಟೆಗೆ ಮೂಡುಬಿದಿರೆಯ ಆಸ್ಪತ್ರೆಯಿಂದ ನಾನು ಠಾಣೆಗೆ ಫೋನ್ ಮಾಡಿ, ಸುಧಾಕರರು ಅಂಗಳದಲ್ಲಿ ವಿಷ ಬೆಳೆಯುತ್ತಿದ್ದಾರೆಂದು ದೂರಿದೆನು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಪರಮೇಶ್ವರಿ ಅದನ್ನು ಕೇಳಿ, ದೃಷ್ಟಿ ಇದ್ದರೆ ಮೆಣಸು ಸುಟ್ಟರೂ ಘಾಟು ಬರುವುದಿಲ್ಲ, ಇಷ್ಟು ಬಂತಲ್ಲ, ನಿಮ್ಮ ಮೇಲೆ ಯಾರ ಕಣ್ಣೂ ಇಲ್ಲ, ನಿಮ್ಮ ಕಣ್ಣೇ ಅವರ ಮೇಲೆ ಉಂಟು ಎಂದಳು. 

ಆದ್ದರಿಂದ ಸುಧಾಕರರ ಮೇಲೆ ಕ್ರಮ ಬೇಡ. ಮೆಣಸು ಕದ್ದವನು ನಾನು. ಅವರ ಸುಕ್ಕ ನನ್ನದಕ್ಕಿಂತ ರುಚಿ ಎಂಬುದನ್ನು ಮಾತ್ರ ಬರೆಯಬೇಡಿ ಎಂದು ಕೇಳಿಕೊಂಡೆನು. ಪೊಲೀಸರು ಅದನ್ನೂ ಬರೆದಾಗಿದೆ. ಓದಿಸಿ ಕೇಳಿದೆನು, ಅದರಲ್ಲೂ ಸುಳ್ಳಿಲ್ಲ.

ಸ್ಥಳ: ಮೂಡುಬಿದಿರೆ
ದಿನಾಂಕ: 08-02-2024, ಸಂಜೆ 4.30
ಸಹಿ: ಕೆ. ಮಹಾಲಿಂಗೇಶ್ವರ