ಬಾಡಿಗೆಗೆ ಬಂದ ಜಪಾನ್ ಹುಡುಗ

ಕಡೂರಿನಿಂದ ಅಜ್ಜಂಪುರಕ್ಕೆ ಹೊರಟ ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ಅತ್ತೆಯ ಮಡಿಲಲ್ಲಿ ಹೂವು, ಹಣ್ಣಿನ ಚೀಲವಿತ್ತು.

“ಕೋಮಲಾ, ನಿನ್ನೆ ಶುರು ಮಾಡಿದ್ವಲ್ಲ, ಆ ಜಪಾನ್ ಸೀರಿಯಲ್ಲು ಚೆನ್ನಾಗಿದೆ ಕಣೇ. ಒಬ್ಬರೂ ಇನ್ನೊಬ್ಬರಿಗೆ ವಿಷ ಹಾಕ್ಲಿಲ್ಲ. ಹೆಣ್ಣು ನೋಡೋಕೆ ಬಂದ ಹುಡುಗ ಎಷ್ಟು ಬಗ್ಗಿ ಬಗ್ಗಿ ನಮಸ್ಕಾರ ಮಾಡ್ದ.”

“ಹೆಣ್ಣು ನೋಡೋಕಲ್ಲ ಅತ್ತೆ. ರೂಮು ಬಾಡಿಗೆಗೆ ಕೇಳೋಕೆ ಬಂದಿದ್ದು. ಕೆಳಗೆ ಇಂಗ್ಲಿಷಲ್ಲಿ ಬರ್ತಿತ್ತು.”

“ಮನೆಯವರೆಲ್ಲ ಚಾಪೆ ಮೇಲೆ ಕೂತಿದ್ರು, ಹುಡುಗಿ ಟೀ ತಂದ್ಲು. ಇನ್ನೇನು ಅಂದ್ಕೋಬೇಕು?”

“ಮನೆ ಆ ಹುಡುಗೀದೇ. ಅಡುಗೆ ಬರುತ್ತಾ, ಗೊರಕೆ ಹೊಡೀತೀಯಾ ಅಂತ ಅವಳೇ ಅವನನ್ನ ಕೇಳಿದ್ದು.”

ಅತ್ತೆ ಮಡಿಲಿನ ಚೀಲ ಸರಿಮಾಡಿಕೊಂಡು ಸೊಸೆಯತ್ತ ತಿರುಗಿದರು.

“ನಿನ್ನ ನೋಡೋಕೆ ನಾವು ಬಂದಾಗ ನೀನೇನೂ ಕೇಳ್ಲಿಲ್ವಲ್ಲ.”

“ಕೇಳಬಹುದು ಅಂತ ಯಾರೂ ಹೇಳ್ಲಿಲ್ಲ.”

“ಹೇಳಿದ್ದಿದ್ರೆ ಏನ್ ಕೇಳ್ತಿದ್ದೆ?”

“ಗೊರಕೆ ವಿಷಯಾನೇ.”

ಇಬ್ಬರೂ ನಕ್ಕರು. ಅಜ್ಜಂಪುರ ಬಂತು.

“ಇವತ್ತು ಬಸವೇಶನಿಗೆ ನೋಡೋಕೆ ಹೊರಟಿರೋ ಹುಡುಗೀನ ಮೊದ್ಲು ಮಾತಾಡೋಕೆ ಬಿಡೋಣ” ಎನ್ನುತ್ತ ಅತ್ತೆ ಚೀಲ ಹಿಡಿದು ಎದ್ದರು.

“ನಿಮ್ಮ ಚಿಕ್ಕ ಮಗನೂ ಗೊರಕೆ ಹೊಡೀತಾನಲ್ಲ ಅತ್ತೆ.”

“ಹೊಡೀತಾನೆ. ಅವಳು ಕೇಳಿದ್ರೆ ಬಸವೇಶನೇ ಬಾಯ್ಬಿಟ್ಟು ಹೇಳ್ಲಿ” ಎಂದು ಮೆಟ್ಟಿಲಿಳಿದರು.